ಒಂದು ಜೀಪು, ಮೂರು ಎಂಜಿನ್ನು

ಚಿಕ್ಕಪ್ಪನ ಮನೆಯ ಕಣದ ಅಂಚಿಗೆ ಒಂದು ಹಳೆಯ ಹಲಸಿನ ಮರವಿದೆ. ಆಳೆತ್ತರದಲ್ಲಿ ಅಡ್ಡಕ್ಕೆ ಚಾಚಿದ ಅದರ ಕೊಂಬೆಯ ಮೇಲೆ ಎರಡು ಕಡೆ ಸರಪಳಿ ಉಜ್ಜಿದ ಗುರುತು. ಒಂದು 1989ರದು, ಗಂಟುಕಟ್ಟಿ ತೊಗಟೆಯೊಳಗೆ ಸೇರಿಹೋಗಿದೆ. ಇನ್ನೊಂದು 2016ರದು, ಈಗಲೂ ಬೆರಳಿಗೆ ಸಿಗುತ್ತದೆ. ಎರಡು ಸಲವೂ ಆ ಕೊಂಬೆಗೆ ಚೈನ್ ಬ್ಲಾಕ್ ಕಟ್ಟಿ ಎತ್ತಿದ್ದು ಒಂದೇ ಜೀಪಿನ ಎಂಜಿನ್ನನ್ನು. ಮೊದಲ ಸಲ ನಾನು ಹೈಸ್ಕೂಲಿನ ಹುಡುಗ, ಸ್ಪ್ಯಾನರ್ ಎತ್ತಿಕೊಡುವುದಷ್ಟೇ ನನ್ನ ಕೆಲಸ. ಎರಡನೆಯ ಸಲ ರಜೆ ಹಾಕಿ ಬೆಂಗಳೂರಿನಿಂದ ಬಂದು ಹನ್ನೊಂದು ದಿನ ಕೂತು ನೋಡಿದೆ. ಹಳೆಯ ಜೀಪಿಗೆ ಬೇರೆ ಎಂಜಿನ್ ಕೂರಿಸುವ ಈ ಕೆಲಸ ಮಲೆನಾಡಿನ ತೋಟಗಳಲ್ಲಿ ಐದು ದಶಕಗಳಿಂದ ಸದ್ದಿಲ್ಲದೆ ನಡೆದುಬಂದಿದೆ.

ಮೂಡಿಗೆರೆ, ಸಕಲೇಶಪುರ, ಸೋಮವಾರಪೇಟೆ ಕಡೆ ಹಳೆಯ ಜೀಪನ್ನು ಇಟ್ಟುಕೊಂಡಿರುವುದು ಶೋಕಿಗಲ್ಲ. ಕಾಫಿ ಗಿಡಗಳ ನಡುವಿನ ತೋಟದ ದಾರಿಯನ್ನು ಕಡಿದದ್ದೇ ಈ ಗಾಡಿಯ ಅಳತೆಗೆ. ಮುಂದಿನ ಚಕ್ರದಿಂದ ಹಿಂದಿನ ಚಕ್ರಕ್ಕೆ 80 ಇಂಚು, ಅಂದರೆ ಎರಡು ಮೀಟರ್ ಮಾತ್ರ. ಪಿಕಪ್ ಗಾಡಿ ಎರಡು ಸಲ ಹಿಂದೆ ಮುಂದೆ ಮಾಡಿ ತಿರುಗಿಸಬೇಕಾದ ಮೂಲೆಯಲ್ಲಿ ಇದು ಒಂದೇ ಏಟಿಗೆ ತಿರುಗುತ್ತದೆ. ಹಣ್ಣು ಕುಯ್ಲಿನಲ್ಲಿ ಮೂಟೆ ಕಣಕ್ಕೆ ಸಾಗಿಸಬೇಕು, ಮುಂಗಾರಿಗೆ ಮೊದಲು ಬೋರ್ಡೋ ದ್ರಾವಣದ ಡ್ರಮ್ಮುಗಳನ್ನು ಗುಡ್ಡದ ಮೇಲಕ್ಕೆ ಏರಿಸಬೇಕು, ಹೂಮಳೆ ಕೈಕೊಟ್ಟ ವರ್ಷ ಸ್ಪ್ರಿಂಕ್ಲರ್ ಪೈಪುಗಳನ್ನು ಹಳ್ಳದಿಂದ ಹಳ್ಳಕ್ಕೆ ಹೊರಬೇಕು. ನಡುರಾತ್ರಿ ಆಳುಗಳ ಲೈನ್‌ಮನೆಯಲ್ಲಿ ಯಾರಿಗಾದರೂ ಹೆರಿಗೆ ನೋವು ಬಂದರೆ ಹೊರಡುವುದೂ ಇದೇ. ಎಂಜಿನ್ ಸತ್ತಿತೆಂದು ಇಂಥ ಗಾಡಿಯನ್ನು ಗುಜರಿಗೆ ಹಾಕಲು ಯಾರಿಗೂ ಮನಸ್ಸು ಬರುವುದಿಲ್ಲ.

ಎತ್ತರದ ಬಾನೆಟ್ಟಿನ ಕಥೆ

ನಮ್ಮದು ಸಿಜೆ-3ಬಿ. ಅಮೆರಿಕದ ಓಹಾಯೋ ರಾಜ್ಯದ ಟೊಲಿಡೊದಲ್ಲಿ ವಿಲ್ಲೀಸ್ ಕಂಪನಿ 1953ರಲ್ಲಿ ಹೊರತಂದ ಮಾದರಿ. ಅದರ ಮೂತಿ ಬೇರೆ ಜೀಪುಗಳಿಗಿಂತ ಎತ್ತರ. ಅಂದಕ್ಕಾಗಿ ಹಾಗೆ ಮಾಡಿದ್ದಲ್ಲ. ಯುದ್ಧಕಾಲದ ಜೀಪಿನಲ್ಲಿ ಎರಡೂ ವಾಲ್ವುಗಳು ಬ್ಲಾಕಿನಲ್ಲೇ ಇದ್ದವು. ಹೊಸ ಹರಿಕೇನ್ ಎಂಜಿನ್ನಿನಲ್ಲಿ ಗಾಳಿ ಒಳಬರುವ ವಾಲ್ವನ್ನು ಹೆಡ್ಡಿಗೆ ಏರಿಸಿದರು, ಹೊಗೆ ಹೋಗುವ ವಾಲ್ವು ಬ್ಲಾಕಿನಲ್ಲೇ ಉಳಿಯಿತು. ಎಂಜಿನ್ ಎತ್ತರವಾಯಿತು, ಬಾನೆಟ್ಟು ಅದರ ಮೇಲೆ ಏರಿತು. ಅಮೆರಿಕದಲ್ಲಿ ಈ ಮಾದರಿ 1968ಕ್ಕೆ ನಿಂತರೂ ಮುಂಬೈಯ ಮಹೀಂದ್ರ ಕಂಪನಿ ಅದೇ ಮೂತಿಯ ಜೀಪುಗಳನ್ನು ಇಲ್ಲಿ ಮುಂದೆಯೂ ಬಹುಕಾಲ ಮಾಡಿತು. ಎತ್ತರದ ಆ ಬಾನೆಟ್ಟಿನ ಕೆಳಗೆ ಉಳಿದ ಜಾಗ ಮುಂದೆ ಡೀಸೆಲ್ ಎಂಜಿನ್ನುಗಳಿಗೆ ಅನುಕೂಲವಾಗಿ ಬಂತು.

2.2 ಲೀಟರಿನ ಆ ಪೆಟ್ರೋಲ್ ಎಂಜಿನ್ ಕೆಟ್ಟದ್ದೆಂದು ಹೇಳಿದರೆ ಅನ್ಯಾಯವಾದೀತು. 72 ಅಶ್ವಶಕ್ತಿ, ಸದ್ದು ಮೆತ್ತಗೆ, ಬೆಳಿಗ್ಗೆ ಒಂದೇ ಸೆಲ್ಫಿಗೆ ಸ್ಟಾರ್ಟ್. ಅದರ ತೊಂದರೆ ಎರಡು. ಕುಡಿಯುವುದು ವಿಪರೀತ. ಇನ್ನೊಂದು, ನೀರು ಕಂಡರೆ ಆಗದು. ತೋಟಕ್ಕೆ ಹೋಗುವ ದಾರಿಯಲ್ಲಿ ಒಂದು ಹಳ್ಳ ಅಡ್ಡ ಬರುತ್ತದೆ, ಆಷಾಢದಲ್ಲಿ ಮೊಣಕಾಲುದ್ದ ನೀರು. ಫ್ಯಾನು ಎರಚಿದ ನೀರು ಡಿಸ್ಟ್ರಿಬ್ಯೂಟರಿಗೆ ತಗುಲಿದರೆ ಕಿಡಿ ನಿಂತುಹೋಗುತ್ತಿತ್ತು, ಗಾಡಿ ಹಳ್ಳದ ನಡುವೆ. ಚಿಕ್ಕಪ್ಪ ಪಂಚೆ ಎತ್ತಿಕಟ್ಟಿ ಇಳಿದು, ಕ್ಯಾಪ್ ಬಿಚ್ಚಿ, ಒಳಗಿನ ಬನಿಯನ್ನಿನ ತುದಿಯಿಂದ ಒರೆಸುತ್ತಿದ್ದರು. ಅವರ ಮೈಮೇಲೆ ಒಣಗಿದ ಬಟ್ಟೆ ಅದೊಂದೇ ಇರುತ್ತಿತ್ತು.

ಡೀಸೆಲ್ಲಿಗೆ ಕಿಡಿಯ ಹಂಗಿಲ್ಲ. ಗಾಳಿಯನ್ನು ಹದಿನೆಂಟು, ಇಪ್ಪತ್ತು ಪಟ್ಟು ಅದುಮಿದರೆ ಅದು ಕೆಂಡದಷ್ಟು ಕಾಯುತ್ತದೆ, ಎಣ್ಣೆ ಚಿಮ್ಮಿಸಿದರೆ ತಾನೇ ಹೊತ್ತಿಕೊಳ್ಳುತ್ತದೆ. ಗಾಳಿ ಎಳೆಯುವ ಬಾಯಿ ನೀರಿನಿಂದ ಮೇಲಿದ್ದರೆ ಸಾಕು, ಹಳ್ಳ ದಾಟುತ್ತದೆ. ಅದರ ಮೇಲೆ ಬೆಲೆಯ ಲೆಕ್ಕ. ಪೆಟ್ರೋಲಿಗೂ ಡೀಸೆಲ್ಲಿಗೂ ಆಗ ದರದಲ್ಲಿ ದೊಡ್ಡ ಅಂತರವಿತ್ತು. ಸರ್ಕಾರ ಪೆಟ್ರೋಲ್ ದರವನ್ನು 2010ರಲ್ಲಿ, ಡೀಸೆಲ್ ದರವನ್ನು 2014ರಲ್ಲಿ ಮಾರುಕಟ್ಟೆಗೆ ಬಿಡುವವರೆಗೂ ಆ ಅಂತರ ರೈತನ ಪರವಾಗಿಯೇ ಇತ್ತು.

1989ರಲ್ಲಿ ಬಂದದ್ದು ಪ್ಯೂಜೊ. ಫ್ರಾನ್ಸಿನ ಆ ಕಂಪನಿಯ ಎಕ್ಸ್‌ಡಿಪಿ 4.90 ಎಂಜಿನ್ನನ್ನು ಮಹೀಂದ್ರ ತನ್ನ ಜೀಪುಗಳಿಗೆ ಹಾಕುತ್ತಿತ್ತು. ನಾಲ್ಕು ಸಿಲಿಂಡರ್, 90 ಮಿಲಿಮೀಟರ್ ಬೋರ್ ಎಂಬುದನ್ನೇ ಹೆಸರು ಮಾಡಿದ್ದರು. 2112 ಸಿಸಿ, 62 ಅಶ್ವಶಕ್ತಿ. ಹೋದ ಎಂಜಿನ್ನಿಗಿಂತ ಬಂದ ಎಂಜಿನ್ನಿಗೆ ಹತ್ತು ಕುದುರೆ ಕಡಿಮೆ! ಮೂಟೆ ಹೇರಿ ಏರು ಹತ್ತಿಸುವಾಗ ಅದು ಗೊತ್ತಾಗುತ್ತಿತ್ತು. ಆದರೂ ಊರಿನಲ್ಲಿ ಯಾರೂ ಪೆಟ್ರೋಲಿಗೆ ವಾಪಸು ಹೋಗಲಿಲ್ಲ. ಹಳ್ಳದ ನಡುವೆ ನಿಲ್ಲದ ಗಾಡಿಯ ಬೆಲೆ ತಿಳಿದವರು ಹತ್ತು ಕುದುರೆಯನ್ನು ಲೆಕ್ಕಕ್ಕಿಡಲಿಲ್ಲ.

ಮೂರನೆಯದನ್ನು ಆರಿಸಿದ್ದು

ಇಪ್ಪತ್ತೇಳು ವರ್ಷ ದುಡಿದ ಪ್ಯೂಜೊ ಕೊನೆಗೆ ಎಣ್ಣೆ ಕುಡಿಯಲು ಶುರುಮಾಡಿತು. ಬಿಡಿಭಾಗಕ್ಕೆ ಊರೂರು ಅಲೆಯುವ ಸ್ಥಿತಿ. ಚಿಕ್ಕಪ್ಪನ ಮಗನಿಗೆ ಕಾಮನ್ ರೈಲ್ ಎಂಜಿನ್ನೇ ಬೇಕೆಂಬ ಆಸೆ. 2010ರಲ್ಲಿ ಬಂದ ಮಹೀಂದ್ರ ಥಾರ್‌ನ ಸಿಆರ್‌ಡಿಇ ಎಂಜಿನ್ನಿಗೆ 105 ಅಶ್ವಶಕ್ತಿ, 247 ನ್ಯೂಟನ್ ಮೀಟರ್ ತಿರುಚುಬಲ. ಕಾಗದದ ಮೇಲೆ ನೋಡಿದರೆ ಬೇರೆ ಮಾತೇ ಬೇಡ. ಹೊಗೆ ಕಡಿಮೆ, ಸದ್ದು ಕಡಿಮೆ ಎಂಬುದೂ ನಿಜ.

ಎಂಜಿನ್ ಕೂರಿಸಬೇಕಾಗಿದ್ದ ಮೇಸ್ತ್ರಿ ಒಪ್ಪಲಿಲ್ಲ. "ಗೌಡ್ರೆ, ಲ್ಯಾಪ್‌ಟಾಪ್ ಇಲ್ದೆ ರೋಗ ಗೊತ್ತಾಗದ ಎಂಜಿನ್ನು ನಿಮ್ಮ ತೋಟಕ್ಕೆ ಬೇಡ" ಎಂದರು. ಚಿಕ್ಕಪ್ಪ ಮಗನ ಮುಖ ನೋಡಿದರು. "ಅಪ್ಪಾ, ಇವರಿಗೆ ಹೊಸದು ಬಿಚ್ಚಕ್ಕೆ ಬರಲ್ಲ, ಅದಕ್ಕೇ ಬೇಡ ಅಂತಾರೆ" ಎಂದ ಅವನು. ಮೇಸ್ತ್ರಿ ಬೇಸರ ಮಾಡಿಕೊಳ್ಳಲಿಲ್ಲ. "ಬಿಚ್ಚಕ್ಕೆ ಬರತ್ತೆ ಮರಿ. ಮಳೆಗಾಲದ ರಾತ್ರಿ ಗುಡ್ಡದ ಮೇಲೆ ನಿಂತ್ಕೊಂಡ್ರೆ ಅಲ್ಲಿಗೆ ನಾನು ಬರಕ್ಕಾಗಲ್ಲ" ಎಂದರು.

ಮೇಸ್ತ್ರಿಯ ವಾದದಲ್ಲಿ ತಿರುಳಿತ್ತು. ಕಾಮನ್ ರೈಲ್ ಎಂಜಿನ್ನಿನಲ್ಲಿ ಎಣ್ಣೆಯ ಒತ್ತಡ ಸಾವಿರ ಬಾರ್ ದಾಟುತ್ತದೆ. ಯಾವ ನೋಜಲ್ ಯಾವ ಗಳಿಗೆಯಲ್ಲಿ ಎಷ್ಟು ಚಿಮ್ಮಬೇಕೆಂದು ಕಂಪ್ಯೂಟರ್ ಹೇಳುತ್ತದೆ. ಅದಕ್ಕೆ ಕ್ರ್ಯಾಂಕ್ ತಿರುಗುವ ಸುದ್ದಿ ತಿಳಿಸುವ ಸೆನ್ಸರ್, ಪೆಡಲ್ಲಿನ ಸೆನ್ಸರ್, ರೈಲಿನ ಒತ್ತಡದ ಸೆನ್ಸರ್, ಇವನ್ನೆಲ್ಲ ಜೋಡಿಸುವ ವೈರಿಂಗಿನ ಜಡೆ ಬೇಕು. ಸೈಡ್ ಪರದೆಯೂ ಇಲ್ಲದ ಜೀಪಿನಲ್ಲಿ ಆ ಜಡೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ತೊಯ್ಯುತ್ತದೆ. ಉಳಿದ ಕಾಲದಲ್ಲಿ ಶೆಡ್ಡಿನ ಇಲಿಗಳು ಕಡಿಯುತ್ತವೆ. ಕಂಪನಿ ಗಾಡಿಯಲ್ಲಿ ಇದಕ್ಕೆಲ್ಲ ಜಾಗ, ಮರೆ, ಮುಚ್ಚಳ ಇರುತ್ತದೆ. ನಾವು ಕೈಯಾರೆ ಕೂರಿಸುವಾಗ ಅಷ್ಟನ್ನೂ ನಾವೇ ಹುಟ್ಟಿಸಬೇಕು.

ಕೊನೆಗೆ ಬಂದದ್ದು ಅಪಘಾತವಾಗಿ ಬಾಡಿ ನಜ್ಜುಗುಜ್ಜಾದ ಬೊಲೆರೊ ಒಂದರ ಡಿಐ ಎಂಜಿನ್. 2523 ಸಿಸಿ, ಟರ್ಬೊ ಇದೆ, ಆದರೆ ಪಂಪು ಯಾಂತ್ರಿಕ. ಅದನ್ನು ಓಡಿಸಲು ವಿದ್ಯುತ್ತು ಬೇಕಾಗುವುದು ಎಣ್ಣೆ ಬಿಡುವ ಸೊಲೆನಾಯ್ಡಿನ ಒಂದು ವೈರಿಗೆ ಮಾತ್ರ. ಈ ಎಂಜಿನ್ನಿನ ವಂಶ ನನಗೆ ಬಹಳ ಪ್ರೀತಿಯ ಸಂಗತಿ. ಮಹೀಂದ್ರ, ಇಂಟರ್‌ನ್ಯಾಷನಲ್ ಹಾರ್ವೆಸ್ಟರ್ ಮತ್ತು ವೋಲ್ಟಾಸ್ ಸೇರಿ 1963ರಲ್ಲಿ ಕಟ್ಟಿದ ಕಂಪನಿ ಬಿ-275 ಟ್ರ್ಯಾಕ್ಟರ್ ಮಾಡಿತು. ಅದರ ಎಂಜಿನ್ನಿನ ಸ್ಟ್ರೋಕ್ ನಾಲ್ಕು ಇಂಚು. ಡಿಐ ಎಂಜಿನ್ನಿನ ಸ್ಟ್ರೋಕ್ 101.6 ಮಿಲಿಮೀಟರ್, ಅಂದರೆ ಸರಿಯಾಗಿ ಅದೇ ನಾಲ್ಕು ಇಂಚು. ಬೋರ್ ಮಾತ್ರ ದೊಡ್ಡದಾಗಿ ಮೂರೂವರೆ ಇಂಚಾಗಿದೆ. ನೇಗಿಲು ಎಳೆದ ಎಂಜಿನ್ನಿನ ಅಳತೆಯೇ ಹೊಸ ಮೈಯಲ್ಲಿ ಉಳಿದಿದೆ. ಥಾರ್ ಡಿಐಗೆ ಕಂಪನಿ ಕೊಟ್ಟ ಅಂಕಿ ನೋಡಿ: 3200 ಸುತ್ತಿಗೆ 63 ಅಶ್ವಶಕ್ತಿ. ಪ್ಯೂಜೊಗಿಂತ ಹೆಚ್ಚೇನಿಲ್ಲ. ಆದರೆ 1500 ಸುತ್ತಿನ ಆಸುಪಾಸಿನಲ್ಲೇ ಹಳೆಯ ಪೆಟ್ರೋಲ್ ಎಂಜಿನ್ನಿಗಿಂತ ಹೆಚ್ಚು ತಿರುಚುಬಲ ಸಿಗುತ್ತದೆ. ಆ ಎಂಜಿನ್ನಿಗೆ ಅದು ಸುಮಾರು 155 ನ್ಯೂಟನ್ ಮೀಟರ್ ಇತ್ತು, ಅದೂ 2000 ಸುತ್ತಿಗೆ. ತೋಟದ ಏರಿನಲ್ಲಿ ಅಶ್ವಶಕ್ತಿ ಯಾರೂ ಕೇಳುವುದಿಲ್ಲ. ಆಕ್ಸಿಲರೇಟರ್ ಮುಟ್ಟದೆ ಕ್ಲಚ್ ಬಿಟ್ಟರೆ ಗಾಡಿ ತಾನಾಗಿ ಹತ್ತುತ್ತದೆಯೇ ಎಂದು ಕೇಳುತ್ತಾರೆ.

ಅಮೆರಿಕದ ರೈತರೂ ಈ ಕೆಲಸದಲ್ಲಿ ಹಿಂದಿಲ್ಲ. ಅಲ್ಲಿ ಹಳೆಯ ಪಿಕಪ್‌ಗಳಿಗೆ ಬ್ರೆಡ್ಡು, ತಿಂಡಿ ಹಂಚುವ ವ್ಯಾನುಗಳಿಂದ ಇಳಿಸಿದ 3.9 ಲೀಟರಿನ ಕಮ್ಮಿನ್ಸ್ ಎಂಜಿನ್ ಹಾಕುವುದು ರೂಢಿ. ಅದರ ಆರು ಸಿಲಿಂಡರಿನ ಅಣ್ಣ 1989ರಲ್ಲಿ ಡಾಡ್ಜ್ ಪಿಕಪ್ಪಿಗೆ ಬಂತು. ಅದೇ ಕುಟುಂಬದ ಎಂಜಿನ್ನುಗಳು ಜಮ್ಶೆಡ್‌ಪುರದಲ್ಲಿ ತಯಾರಾಗಿ ಟಾಟಾ ಲಾರಿಗಳಲ್ಲಿ ನಮ್ಮ ರಸ್ತೆಯ ಮೇಲೂ ಓಡಿವೆ. ಅಷ್ಟು ಭಾರದ ಎಂಜಿನ್ನನ್ನು ನಮ್ಮ ಪುಟ್ಟ ಜೀಪಿನ ಮುಂದಿನ ಸ್ಪ್ರಿಂಗ್ ಪ್ಲೇಟುಗಳ ಮೇಲೆ ಕೂರಿಸಿದರೆ ಮೂತಿ ನೆಲ ಮುಟ್ಟುತ್ತದೆ.

ಕೂರಿಸುವುದೆಂದರೆ

ಎಂಜಿನ್ ಇಳಿಸಿ ಬೋಲ್ಟ್ ಬಿಗಿದರೆ ಕೆಲಸ ಮುಗಿಯಿತೆಂದು ದೂರದಿಂದ ನೋಡುವವರು ಅಂದುಕೊಳ್ಳುತ್ತಾರೆ. ಎಂಜಿನ್ ಇಳಿಸಲು ನಮಗೆ ಅರ್ಧ ದಿನ ಸಾಕಾಯಿತು. ಉಳಿದ ಹತ್ತೂವರೆ ದಿನ ಹೋದದ್ದು ಅದರ ಸುತ್ತಲಿನದಕ್ಕೆ.

ಮೊದಲು ಸಂಪು. ಹೊಸ ಎಂಜಿನ್ನಿನ ಎಣ್ಣೆ ತೊಟ್ಟಿ ಮುಂದಿನ ಆಕ್ಸಲ್ಲಿಗೆ ತಾಗುವಂತಿತ್ತು. ನಿಂತ ಗಾಡಿಯಲ್ಲಿ ಎರಡು ಬೆರಳು ಸಂದು ಕಂಡರೂ ಹೊಂಡಕ್ಕೆ ಬಿದ್ದಾಗ ಸ್ಪ್ರಿಂಗ್ ಅದುಮಿ ಆಕ್ಸಲ್ ಮೇಲೆ ಬರುತ್ತದೆ. ಮೇಸ್ತ್ರಿ ಜೀಪಿನ ಮೂತಿಯ ಮೇಲೆ ನಾಲ್ಕು ಆಳು ಕೂರಿಸಿ ಅಳತೆ ತೆಗೆದು, ಸಂಪನ್ನು ಕತ್ತರಿಸಿ ಬೆಸೆದರು. ಮೌಂಟುಗಳಿಗಾಗಿ ಚಾಸಿಗೆ ನೇರವಾಗಿ ವೆಲ್ಡಿಂಗ್ ಹೊಡೆಯಲು ಅವರು ಬಿಡಲಿಲ್ಲ. ಡೀಸೆಲ್ ಎಂಜಿನ್ ಐಡಲಿಂಗಿನಲ್ಲಿ ಗಾಡಿಯನ್ನೇ ಅಲ್ಲಾಡಿಸುತ್ತದೆ, ಬೆಸುಗೆಯ ಪಕ್ಕದಲ್ಲೇ ಬಿರುಕು ಬಿಡುತ್ತದೆ. ಒಳಗೂ ಹೊರಗೂ ತಗಡು ಕೊಟ್ಟು ಬೋಲ್ಟ್ ಹಾಕಿದರು.

ಹಳೆಯ ಮೂರು ಗೇರಿನ ಬಾಕ್ಸ್ ಈ ತಿರುಚುಬಲಕ್ಕೆ ತಡೆಯುವಂಥದ್ದಲ್ಲ. ಅದರ ಬದಲು ನಂತರದ ಜೀಪಿನ ನಾಲ್ಕು ಗೇರಿನ ಬಾಕ್ಸ್ ಬಂತು. ಎಂಜಿನ್ನಿಗೂ ಬಾಕ್ಸಿಗೂ ನಡುವಿನ ಬೆಲ್ ಹೌಸಿಂಗ್ ಗುಜರಿಯದು. ತೂತುಗಳು ಹೊಂದಿದವು. ಅಷ್ಟಕ್ಕೆ ಮೇಸ್ತ್ರಿ ನಂಬಲಿಲ್ಲ. ಕ್ರ್ಯಾಂಕಿನ ತುದಿಗೆ ಡಯಲ್ ಗೇಜ್ ಕಟ್ಟಿ, ಕೈಯಿಂದ ತಿರುಗಿಸುತ್ತಾ ಹೌಸಿಂಗಿನ ಅಂಚನ್ನು ಸುತ್ತಲೂ ಓದಿದರು. ಕ್ರ್ಯಾಂಕಿನ ನಡು ಮತ್ತು ಗೇರ್ ಶಾಫ್ಟಿನ ನಡು ಒಂದೇ ಗೆರೆಯಲ್ಲಿರಬೇಕು. ಇಲ್ಲದಿದ್ದರೆ ಮೊದಲು ಒಳಗಿನ ಪುಟ್ಟ ಬೇರಿಂಗ್ ಹೋಗುತ್ತದೆ, ಆಮೇಲೆ ಕ್ಲಚ್ಚು, ಆಮೇಲೆ ಗೇರ್ ಬಾಕ್ಸು. ಊರಿನಲ್ಲಿ "ಡೀಸೆಲ್ ಹಾಕಿಸಿದ ಮೇಲೆ ವರ್ಷಕ್ಕೊಂದು ಕ್ಲಚ್ ಪ್ಲೇಟ್ ತಿನ್ನುತ್ತೆ" ಎಂದು ಗೊಣಗುವವರ ಜೀಪುಗಳಲ್ಲಿ ಹೆಚ್ಚಿನವಕ್ಕೆ ಈ ಅಳತೆ ಯಾರೂ ತೆಗೆದೇ ಇರುವುದಿಲ್ಲ ಎಂಬುದು ಮೇಸ್ತ್ರಿಯ ಅಭಿಪ್ರಾಯ. ಉದ್ದದ ಬಾಕ್ಸ್ ಬಂದದ್ದರಿಂದ ಹಿಂದಿನ ಪ್ರೊಪೆಲ್ಲರ್ ಶಾಫ್ಟನ್ನು ಗಿಡ್ಡ ಮಾಡಬೇಕಾಯಿತು. ಗಿಡ್ಡವಾದಷ್ಟೂ ಅದರ ಓರೆ ಹೆಚ್ಚು, ಓರೆ ಹೆಚ್ಚಾದಷ್ಟೂ ಕ್ರಾಸುಗಳು ಬೇಗ ಸವೆಯುತ್ತವೆ. ಇದಕ್ಕೆ ಪೂರ್ತಿ ಪರಿಹಾರ ಇಲ್ಲ, ಗ್ರೀಸು ತಪ್ಪಿಸಬಾರದು ಅಷ್ಟೆ.

ಆಮೇಲೆ ಆಕ್ಸಲ್ಲಿನೊಳಗಿನ ಕ್ರೌನ್ ಪಿನಿಯನ್. ಈ ಲೆಕ್ಕವನ್ನು ಯಾರೂ ಮೊದಲೇ ಮಾಡುವುದಿಲ್ಲ, ಆದ್ದರಿಂದ ಬಿಡಿಸಿ ಹೇಳುತ್ತೇನೆ. ಹಳೆಯ ಜೀಪಿನಲ್ಲಿ ಕ್ರೌನ್‌ಗೆ 43 ಹಲ್ಲು, ಪಿನಿಯನ್‌ಗೆ 8. ಚಕ್ರ ಒಂದು ಸುತ್ತು ತಿರುಗಲು ಶಾಫ್ಟು 5.38 ಸುತ್ತು ತಿರುಗಬೇಕು. 16 ಇಂಚಿನ ಜೀಪ್ ಟೈರು ಒಂದು ಸುತ್ತಿಗೆ ಸುಮಾರು 2.2 ಮೀಟರ್ ಸಾಗುತ್ತದೆ. 4000 ಸುತ್ತು ಓಡುವ ಪೆಟ್ರೋಲ್ ಎಂಜಿನ್ ಇದರಲ್ಲಿ ಗಂಟೆಗೆ ನೂರರ ಹತ್ತಿರ ಹೋಗಬಲ್ಲದು. 3200ಕ್ಕೇ ದಮ್ಮು ಮುಗಿಯುವ ಡಿಐ ಎಂಭತ್ತಕ್ಕೆ ನಿಲ್ಲುತ್ತದೆ, ಅರವತ್ತರಲ್ಲೇ ಅರಚುತ್ತದೆ. 39 ಮತ್ತು 8 ಹಲ್ಲಿನ ಜೋಡಿ ಹಾಕಿದರೆ 4.88 ಆಗುತ್ತದೆ, ಅರವತ್ತರ ವೇಗದಲ್ಲಿ ಎಂಜಿನ್ 2200ರ ಆಸುಪಾಸಿನಲ್ಲಿ ನೆಮ್ಮದಿಯಾಗಿರುತ್ತದೆ. ಹಿಂದೆ ಬದಲಿಸಿದರೆ ಮುಂದೆಯೂ ಅದೇ ಜೋಡಿಯನ್ನು ಹಾಕಲೇಬೇಕು. ಹಿಂದೊಂದು ಮುಂದೊಂದು ಲೆಕ್ಕವಿಟ್ಟು ಫೋರ್ ವೀಲ್ ಹಾಕಿದರೆ ಎರಡು ಆಕ್ಸಲ್ಲುಗಳು ಒಂದನ್ನೊಂದು ಎಳೆದಾಡಿ ಒಳಗಿನ ಗೇರು ಪುಡಿಯಾಗುತ್ತದೆ.

ನಮಗೆ ಪೆಟ್ಟು ಕೊಟ್ಟದ್ದು ಮಾತ್ರ ಇದಾವುದೂ ಅಲ್ಲ, ಟ್ಯಾಂಕು. ಡ್ರೈವರ್ ಸೀಟಿನ ಕೆಳಗಿನ ಹಳೆಯ ಟ್ಯಾಂಕನ್ನು ತೊಳೆಸಿದ್ದೆವು, ಒಳಗಿನ ತುಕ್ಕು ಕೆರೆಸಿರಲಿಲ್ಲ. ಡೀಸೆಲ್ ಪಂಪು ಬೇಕಾದ್ದಕ್ಕಿಂತ ಹೆಚ್ಚು ಎಣ್ಣೆ ಎಳೆದು ಉಳಿದದ್ದನ್ನು ರಿಟರ್ನ್ ಪೈಪಿನಲ್ಲಿ ಟ್ಯಾಂಕಿಗೆ ಮರಳಿಸುತ್ತದೆ. ಆ ಹರಿವು ತಳದ ತುಕ್ಕನ್ನೆಲ್ಲ ಎಬ್ಬಿಸಿತು. ಡಿಸೆಂಬರಿನಲ್ಲಿ ಕುಯ್ಲು ಭರದಿಂದ ನಡೆಯುತ್ತಿದ್ದಾಗ, ಮೂಟೆ ಹೇರಿದ ಟ್ರೇಲರ್ ಸಮೇತ ಜೀಪು ನಿಂತಿತು. ಅದೇ ಹಳ್ಳದ ನಡುವೆ. ಫಿಲ್ಟರ್ ಬಿಚ್ಚಿದರೆ ಕೆಮ್ಮಣ್ಣಿನ ಕೆಸರು. ಫಿಲ್ಟರ್ ಬದಲಿಸಿ, ಪಂಪಿನ ಬೋಲ್ಟ್ ಸಡಿಲಿಸಿ ಗಾಳಿ ತೆಗೆದು ಹೊರಡುವಾಗ ಕತ್ತಲಾಗಿತ್ತು. ಕಾಮನ್ ರೈಲ್ ಆಗಿದ್ದರೆ ಆ ತುಕ್ಕು ನೋಜಲುಗಳನ್ನೇ ತಿಂದುಹಾಕಿರುತ್ತಿತ್ತು. ಚಿಕ್ಕಪ್ಪನ ಮಗ ಅವತ್ತಿನಿಂದ ಆ ಮಾತು ಎತ್ತಿಲ್ಲ. ಮರುವಾರ ಹೊಸ ಟ್ಯಾಂಕ್ ಮಾಡಿಸಿದ.

ಈಗ ಬ್ರೇಕಿನ ವಿಷಯ. ಹಳೆಯ ಜೀಪಿಗೆ ನಾಲ್ಕೂ ಚಕ್ರದಲ್ಲಿ 9 ಇಂಚಿನ ಡ್ರಮ್ಮು, ಎಲ್ಲಕ್ಕೂ ಸೇರಿ ಒಂದೇ ಎಣ್ಣೆಯ ದಾರಿ. ಒಂದು ಪೈಪು ಒಡೆದರೆ ನಾಲ್ಕೂ ಹೋದವು. ಮೇಲಾಗಿ, ಪೆಟ್ರೋಲ್ ಎಂಜಿನ್ನಿನಲ್ಲಿ ಆಕ್ಸಿಲರೇಟರ್ ಬಿಟ್ಟಾಗ ಗಾಳಿಯ ಬಾಗಿಲು ಮುಚ್ಚಿಕೊಂಡು ಎಂಜಿನ್ನೇ ಗಾಡಿಯನ್ನು ತಡೆಯುತ್ತದೆ. ಡೀಸೆಲ್ಲಿಗೆ ಆ ಬಾಗಿಲಿಲ್ಲ. ಗೇರಿನ ಲೆಕ್ಕವನ್ನೂ ಉದ್ದ ಮಾಡಿದ ಮೇಲೆ ಇಳಿಜಾರಿನಲ್ಲಿ ಎಂಜಿನ್ನಿನ ಹಿಡಿತ ಇನ್ನಷ್ಟು ಸಡಿಲ. ಪವರ್ ಬ್ರೇಕಿಗೆ ಬೇಕಾದ ವ್ಯಾಕ್ಯೂಮನ್ನೂ ಡೀಸೆಲ್ ಎಂಜಿನ್ ತಾನಾಗಿ ಕೊಡುವುದಿಲ್ಲ, ಆಲ್ಟರ್ನೇಟರಿನ ಹಿಂಬದಿಯ ಪುಟ್ಟ ಪಂಪಿನಿಂದ ಎಳೆಯಬೇಕು. ನಾವು ಮುಂದಕ್ಕೆ ಬೊಲೆರೊದ ಡಿಸ್ಕ್, ಹಿಂದಕ್ಕೆ ದೊಡ್ಡ ಡ್ರಮ್ಮು, ಎರಡು ದಾರಿಯ ಮಾಸ್ಟರ್ ಸಿಲಿಂಡರ್ ಹಾಕಿಸಿದೆವು. ಎಂಜಿನ್ನಿಗೆ ಕೊಟ್ಟ ದುಡ್ಡಿನ ಹತ್ತಿರಹತ್ತಿರ ಬ್ರೇಕಿಗೇ ಹೋಯಿತು. ಅದರಲ್ಲಿ ಒಂದು ಪೈಸೆಯೂ ದಂಡವಲ್ಲ. ಹೊಸ ಎಂಜಿನ್ ಹಾಕಿ ಹಳೆಯ ಬ್ರೇಕಿನಲ್ಲಿ ಚಾರ್ಮಾಡಿ ಘಾಟಿ ಇಳಿಯುವ ಜೀಪುಗಳನ್ನು ನಾನು ಕಂಡಿದ್ದೇನೆ. ಅದು ತಪ್ಪು, ಎದುರಿಗೆ ಬರುವವರ ಪ್ರಾಣದ ಪ್ರಶ್ನೆ.

ಕಾಗದದ ಮಾತು ಕೊನೆಗೆ ಬಂದರೂ ಕೆಲಸ ಶುರುವಾಗಬೇಕಾದದ್ದು ಅಲ್ಲಿಂದಲೇ. ನಾವು 2016ರಲ್ಲಿ ಎಂಜಿನ್ ತರುವ ಮೊದಲೇ ಅರ್ಜಿ ಕೊಟ್ಟು, ಆಮೇಲೆ ಖರೀದಿಯ ರಸೀದಿ ಇಟ್ಟು, ತಪಾಸಣೆ ಮುಗಿಸಿ, ಆರ್‌ಸಿಯಲ್ಲಿ ಹೊಸ ಎಂಜಿನ್ ನಂಬರ್ ಬರೆಸಿಕೊಂಡೆವು. ಈಗ ದಾರಿ ಇನ್ನೂ ಕಿರಿದು. ತಯಾರಕರ ಮೂಲ ನಮೂನೆಗಿಂತ ಬೇರೆಯಾಗುವಂತೆ ವಾಹನವನ್ನು ಬದಲಿಸುವಂತಿಲ್ಲ ಎಂದು ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ನಿನ ಮೇಲೆ ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ತೀರ್ಪು ಕೊಟ್ಟಿದೆ. ಅದೇ ವರ್ಷದ ತಿದ್ದುಪಡಿ ಪ್ರಕಾರ ಅನುಮತಿಯಿಲ್ಲದ ಒಂದೊಂದು ಬದಲಾವಣೆಗೂ 5,000 ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲೂ ಆಗಬಹುದು. ರಸ್ತೆಯಲ್ಲಿ ಅನಾಹುತವಾದರೆ ಆರ್‌ಸಿಯಲ್ಲಿಲ್ಲದ ಎಂಜಿನ್ನಿಗೆ ವಿಮೆಯವರು ತಕರಾರು ಎತ್ತುವುದು ಖಂಡಿತ. ನಗರದ ಶೋಕಿ ಗಾಡಿಗಳ ಅತಿರೇಕವನ್ನು ತಡೆಯಲು ಇಂಥ ಕಟ್ಟುನಿಟ್ಟು ಬೇಕಾಗಿತ್ತು, ಒಪ್ಪುತ್ತೇನೆ. ಆದರೆ ದಿನಕ್ಕೆ ಹತ್ತು ಕಿಲೋಮೀಟರೂ ಓಡದ, ತೋಟ ಮತ್ತು ಸಂತೆಯ ನಡುವೆ ತಿರುಗುವ ಜೀಪಿಗೆ, ಅದೇ ಕಂಪನಿಯ ಎಂಜಿನ್ನನ್ನು ಬ್ರೇಕ್ ಸಮೇತ ತಪಾಸಣೆ ಮಾಡಿಸಿ ಹಾಕಿಕೊಳ್ಳಲು ಸಾರಿಗೆ ಇಲಾಖೆ ಒಂದು ಸ್ಪಷ್ಟ ವಿಧಾನ ಹೇಳಿಕೊಡಬೇಕು. ಈಗ ಆ ಕೆಲಸ ನಿಂತಿಲ್ಲ, ಕದ್ದು ನಡೆಯುತ್ತಿದೆ. ಕದ್ದು ನಡೆದಲ್ಲಿ ಬ್ರೇಕನ್ನು ತಪಾಸಣೆ ಮಾಡುವವರು ಇರುವುದಿಲ್ಲ.

ನಿಮ್ಮ ಶೆಡ್ಡಿನಲ್ಲೂ ಇಂಥದ್ದೊಂದು ಜೀಪು ಎಂಜಿನ್ ಇಲ್ಲದೆ ನಿಂತಿದ್ದರೆ ದಯವಿಟ್ಟು ಗುಜರಿಗೆ ಕೊಡಬೇಡಿ. ಮೊದಲು ಆರ್‌ಸಿ ತೆಗೆದುಕೊಂಡು ಆರ್‌ಟಿಒ ಕಚೇರಿಗೆ ಹೋಗಿ ಏನು ಸಾಧ್ಯ ಎಂದು ಕೇಳಿ. ಆಮೇಲೆ ಬ್ರೇಕು ಮಾಡಿಸಿ, ಟ್ಯಾಂಕು ಬದಲಿಸಿ. ಎಂಜಿನ್ ಹುಡುಕಲು ಹೊರಡುವುದು ಅದಾದ ಮೇಲೆ.